ಕ್ರೂಸ್ ಕಂಪನಿಯವ್ರು ಹಾಕ್ಕೊಟ್ಟ ಫ್ಲೈಟ್ ಟೈಮಿಂಗ್ ನೋಡಿ ತಲೆ ಕೆಟ್ಟೈತೆ, ಏನ್ ಮಾಡೋದು?

ಎಂಸಿಸಿ ಬಿ ಬ್ಲಾಕ್:

ನಮಸ್ಕಾರ ಎಲ್ರಿಗೂ, ದಾವಣಗೆರೆಯಿಂದ. ಅಪ್ಪಾಜಿ ರಿಟೈರ್ ಆಗಿ ಎರಡು ವರ್ಷ ಆಯ್ತು, ಅವ್ವಂಗೆ ದೊಡ್ಡ ಹಡಗು ಹತ್ಬೇಕು ಅಂತ ಬಹಳ ದಿನದ ಆಸೆ, ಅದ್ಕೆ ನಾನೂ ತಂಗಿನೂ ದುಡ್ಡು ಹಾಕಿ ಸೆಪ್ಟೆಂಬರ್‌ಗೆ ಇಟಲಿ ಕಡೆ ಏಳು ರಾತ್ರಿದು ಕ್ರೂಸ್ ಬುಕ್ ಮಾಡ್ಸಿದ್ವಿ. ಹಡಗು ಹೊರಡೋದು ರೋಮ್ ಹತ್ರ ಚಿವಿಟಾವೆಕ್ಕಿಯಾ ಅನ್ನೋ ಬಂದರಿಂದ. ಫ್ಲೈಟೂ ಕ್ರೂಸ್‌ನವ್ರೇ ಹಾಕ್ಕೊಡ್ತಾರೆ, ನೀವು ತಲೆ ಕೆಡಿಸ್ಕೋಬೇಡಿ ಅಂದ್ರು ಏಜೆಂಟ್ರು. ರೇಟೂ ನಾವು ಆನ್‌ಲೈನಲ್ಲಿ ನೋಡಿದ್ದಕ್ಕಿಂತ ಕಮ್ಮಿ ಇತ್ತು, ಹೂಂ ಅಂದ್ಬಿಟ್ವಿ.

ಮೊನ್ನೆ ಡೀಟೇಲ್ಸ್ ಬಂತು. ಹೋಗೋದು ಬೆಂಗಳೂರಿಂದ ಬೆಳಗಿನ ಜಾವ 4:10ಕ್ಕೆ, ಗಲ್ಫಲ್ಲಿ ಇಳಿದು, ಆಮೇಲೆ ಮ್ಯೂನಿಕ್, ಅಲ್ಲಿ ಬರೀ 75 ನಿಮಿಷ ಗ್ಯಾಪ್, ರೋಮ್ ಮುಟ್ಟೋದು ಮಧ್ಯಾಹ್ನ 3:30. ಅವತ್ತೇ ಸಂಜೆ 6ಕ್ಕೆ ಹಡಗು! ಬರೋದಂತೂ ಕೇಳ್ಬೇಡಿ. ಹಡಗಿಂದ ಬೆಳಿಗ್ಗೆ 9ರೊಳಗೆ ಇಳಿಸ್ತಾರೆ, ಫ್ಲೈಟ್ ರಾತ್ರಿ 9:50ಕ್ಕೆ, ಗಲ್ಫಲ್ಲಿ 16 ತಾಸು ಕೂರ್ಬೇಕು, ಬೆಂಗಳೂರಿಗೆ ರಾತ್ರಿ 2:55. ಅವ್ವಂಗೆ ಮಂಡಿ ನೋವು, ಒಂದು ತಾಸು ಕೂತು ಎದ್ರೆ ಹೆಜ್ಜೆ ಇಡಕ್ಕಾಗಲ್ಲ, 16 ತಾಸು ಆ ಕಬ್ಬಿಣದ ಚೇರಲ್ಲಿ ಹೆಂಗ್ರೀ?

ಏರ್‌ಲೈನ್‌ಗೆ ಫೋನ್ ಮಾಡಿದ್ರೆ ಟಿಕೆಟ್ ನಮ್ಮತ್ರ ತಗೊಂಡಿಲ್ಲ, ಕೊಟ್ಟವ್ರನ್ನ ಕೇಳಿ ಅಂತಾರೆ. ಏಜೆಂಟ್ರನ್ನ ಕೇಳಿದ್ರೆ ಕಂಪನಿ ರೂಲ್ಸು ಸರ್ ಅಂತಾರೆ. ನನ್ನ ಐಡಿಯಾ ಏನಂದ್ರೆ, ಹೋಗೋದಕ್ಕೆ ಮಾತ್ರ ಬೇರೆ ಟಿಕೆಟ್ ತಗೊಂಡು ಒಂದಿನ ಮುಂಚೆ ಕಳ್ಸಿ, ವಾಪಸ್ಸಿಗೆ ಇವ್ರ ಟಿಕೆಟ್ಟೇ ಯೂಸ್ ಮಾಡೋದು. ನಡೆಯುತ್ತಾ? ವೀಸಾ ಅಪಾಯಿಂಟ್‌ಮೆಂಟ್ ಬರೋ ವಾರ ಐತೆ.

ಹಳೇ ಟಿಕೆಟಿಂಗ್ ಕೈ:

ತಮ್ಮಾ, ಆ ಐಡಿಯಾ ಮೊದ್ಲು ಕೈಬಿಡು. ಹೋಗೋ ಟಿಕೆಟ್‌ಗೆ ಏರ್‌ಪೋರ್ಟಿಗೆ ಬರ್ಲಿಲ್ಲ ಅಂದ್ರೆ ನೋ-ಶೋ ಅಂತ ಬೀಳುತ್ತೆ, ಅದೇ ಟಿಕೆಟ್‌ನಲ್ಲಿ ಆಮೇಲೆ ಬರೋ ಫ್ಲೈಟ್‌ಗಳೆಲ್ಲ ತಾನಾಗೇ ಕ್ಯಾನ್ಸಲ್, ವಾಪಸ್ ಬರೋದೂ ಸೇರಿ. ನಾನು ಬೆಂಗಳೂರಲ್ಲಿ ಟಿಕೆಟಿಂಗ್ ಕೌಂಟರ್‌ನಲ್ಲಿ ಹನ್ನೊಂದು ವರ್ಷ ಕೂತಿದ್ದವಳು, ಹೋಗೋದನ್ನ ಬಿಟ್ಟು ಬರೋದಕ್ಕೆ ಮಾತ್ರ ಬಂದು ಕೌಂಟರ್ ಮುಂದೆ ಅತ್ತವ್ರನ್ನ ಎಷ್ಟು ಜನ ನೋಡಿದೀನೋ.

ಏರ್‌ಲೈನ್‌ನವ್ರು ಕೈ ತೊಳ್ಕೊಂಡಿದ್ದಕ್ಕೂ ಕಾರಣ ಇದೆ. ಕ್ರೂಸ್‌ನವ್ರು ಸೀಟುಗಳನ್ನ ಗುಂಪು ರೇಟಲ್ಲಿ ಎತ್ತಿರ್ತಾರೆ, ಅದಕ್ಕೇ ನಿಮಗೆ ಕಮ್ಮಿ ಬಿದ್ದಿದ್ದು, ಆ ಟಿಕೆಟ್ ಮುಟ್ಟೋ ಅಧಿಕಾರ ಇಶ್ಯೂ ಮಾಡಿದವ್ರಿಗೆ ಮಾತ್ರ. ಆದ್ರೆ ಬದಲಾಯಿಸಕ್ಕೇ ಆಗಲ್ಲ ಅಂತಲ್ಲ. ತುಂಬಾ ಕ್ರೂಸ್ ಕಂಪನಿಗಳಲ್ಲಿ ಏರ್ ಡೀವಿಯೇಷನ್ ಅಂತ ಒಂದು ದಾರಿ ಇದೆ, ಅಂದ್ರೆ ನಮಗೆ ಈ ದಿನ, ಈ ರೂಟ್ ಬೇಕು ಅಂತ ಬರೆದು ಕೇಳೋದು, ಒಂದಿಷ್ಟು ಫೀಸು, ಮೇಲೆ ರೇಟಿನ ವ್ಯತ್ಯಾಸ ಕಟ್ಟೋದು. ಏಜೆಂಟ್‌ಗೆ 'ಏನಾದ್ರೂ ಮಾಡಿ ಸರ್' ಅಂದ್ರೆ ಏನೂ ಆಗಲ್ಲ. ಈ ತಾರೀಖು, ಈ ಫ್ಲೈಟ್ ನಂಬರ್, ಏರ್ ಡೀವಿಯೇಷನ್ ರಿಕ್ವೆಸ್ಟ್ ಕಳಿಸಿ ಅಂತ ಮೇಲ್ ಹಾಕು, ಬಾಯಿಮಾತಲ್ಲಿ ಬೇಡ. ನೀನೇ ಸರ್ಚ್ ಮಾಡಿ ಎರಡು ಮೂರು ಆಪ್ಷನ್ ಕೊಡು.

ಇದೆಲ್ಲ ವೀಸಾ ಫೈಲ್ ಕೊಡೋಕೆ ಮುಂಚೆ ಆಗ್ಬೇಕು. ಷೆಂಗೆನ್ ವೀಸಾ, ಅಂದ್ರೆ ಇಟಲಿ, ಜರ್ಮನಿ ಎಲ್ಲಾ ಸೇರಿ ಯುರೋಪಿನ ಬಹಳಷ್ಟು ದೇಶಕ್ಕೆ ಒಂದೇ ವೀಸಾ, ಅದರ ಮೇಲೆ ಇಂಥ ತಾರೀಖಿಂದ ಅಂತ ಇರುತ್ತೆ, ಅದಕ್ಕೆ ಒಂದಿನ ಮುಂಚೆ ಹೋದ್ರೂ ಒಳಗೆ ಬಿಡಲ್ಲ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕಲ್ಲ, ಅದರ ತಾರೀಖೂ ಸೇರಿಸ್ಕೋ.

ಇನ್ನೊಂದು. ಮ್ಯೂನಿಕ್‌ನಲ್ಲಿ 75 ನಿಮಿಷ ಅಂದ್ರೆ ಕೂತು ಕಾಫಿ ಕುಡಿಯೋ 75 ನಿಮಿಷ ಅಲ್ಲ. ಯುರೋಪಲ್ಲಿ ಮೊದ್ಲು ಇಳಿಯೋದು ಅಲ್ಲಿ, ಹಾಗಾಗಿ ಇಮಿಗ್ರೇಷನ್ ಅಲ್ಲೇ ಆಗುತ್ತೆ, ರೋಮಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಹೊಸ ಎಂಟ್ರಿ-ಎಕ್ಸಿಟ್ ಸಿಸ್ಟಮ್ ಬೇರೆ ಶುರುವಾಗಿದೆ, ಕೌಂಟರಲ್ಲಿ ಫೋಟೋ ತೆಗೆದು ದಾಖಲು ಮಾಡ್ಕೋತಾರೆ, ಕ್ಯೂ ಉದ್ದ. ಮಂಡಿ ನೋವಿನವ್ರಿಗೆ ಇದು ಆಗಲ್ಲ. ನಾನಾಗಿದ್ರೆ ಗಲ್ಫಿಂದ ಸೀದಾ ರೋಮ್‌ಗೆ ಹೋಗೋದನ್ನೇ ಕೇಳ್ತಿದ್ದೆ.

ಕೋಟೆ ಕಡೆಯವ:

ಚಿತ್ರದುರ್ಗದಿಂದ. ಅಕ್ಕಾವ್ರು ಹೇಳಿದ್ದಕ್ಕೆ ನನ್ನ ಕಥೆ ಸೇರಿಸ್ತೀನಿ. ಮೂರು ವರ್ಷದ ಹಿಂದೆ ನಾನು, ನಮ್ಮನೆಯವ್ಳು ಬಾರ್ಸಿಲೋನಾಯಿಂದ ಹೋಗಿದ್ವಿ, ಫ್ಲೈಟ್ ಕ್ರೂಸ್‌ನವ್ರದ್ದೇ, ಹಡಗು ಹೊರಡೋ ದಿನವೇ ಇಳಿಯೋದು. ಫ್ಲೈಟ್ ನಾಲ್ಕು ತಾಸು ಲೇಟು. ಬಂದರಿಗೆ ಹೋಗಿ ನೋಡಿದ್ರೆ ಹಡಗು ಇಲ್ಲ, ಅಷ್ಟು ದೊಡ್ಡ ಜಾಗ ಖಾಲಿ, ಒಬ್ಬ ಗಸ್ತಿನವ್ನು ಸೈಕಲ್ ಹೊಡ್ಕೊಂಡು ಹೋಗ್ತಿದ್ದ ಅಷ್ಟೇ. ಆದ್ರೆ ಟಿಕೆಟ್ ಅವ್ರದ್ದೇ ಆಗಿದ್ದಕ್ಕೆ ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿದ್ಮೇಲೆ ರಾತ್ರಿ ಹೋಟೆಲ್ ಕೊಟ್ರು, ಮಾರನೇ ದಿನ ಮಾರ್ಸೆಲ್ಲಿಗೆ ಕಳ್ಸಿ ಅಲ್ಲಿ ಹಡಗು ಹತ್ತಿಸಿದ್ರು, ನಮ್ಮ ಜೇಬಿಂದ ಏನೂ ಹೋಗ್ಲಿಲ್ಲ. ಸ್ವಂತ ಟಿಕೆಟ್ ಆಗಿದ್ರೆ ಅದು ನಮ್ಮ ಹಣೆಬರಹ ಆಗ್ತಿತ್ತು. ಬ್ಯಾಗು ಮಾತ್ರ ಮೂರನೇ ದಿನಕ್ಕೆ ಬಂತು, ಅಲ್ಲಿವರೆಗೂ ಅದೇ ಪ್ಯಾಂಟು, ಫಾರ್ಮಲ್ ನೈಟ್ ಅಂತ ಎಲ್ರೂ ಕೋಟು ಹಾಕ್ಕೊಂಡು ಓಡಾಡ್ತಿದ್ರೆ ನಾನು ಚಪ್ಪಲಿ ಮೆಟ್ಕೊಂಡು ಹೋಗಿ ಪಾಯಸ ತಿಂದೆ.

ಅದ್ಕೆ ಅಮ್ಮನ ಮಾತ್ರೆ, ಇಬ್ಬರ ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ, ಆ ಎಮರ್ಜೆನ್ಸಿ ನಂಬರ್ ಪೇಪರಲ್ಲಿ ಬರೆದು, ಎಲ್ಲಾ ಕೈಚೀಲದಲ್ಲಿ.

ವಿದ್ಯಾನಗರ ಲಾಸ್ಟ್ ಬಸ್ ಸ್ಟಾಪ್:

ನೀವೆಲ್ಲ ಬಹಳ ಹೆದರ್ಸ್ತೀರಪ್ಪ. ಫ್ಲೈಟ್ ಸ್ವಂತಕ್ಕೆ ಬುಕ್ ಮಾಡಿ, ಎರಡು ದಿನ ಮುಂಚೆ ಹೋಗಿ ರೋಮ್ ನೋಡ್ಕೊಂಡು ಆರಾಮಾಗಿ ಹಡಗು ಹತ್ತಿ, ಯಾವ ಡೀವಿಯೇಷನ್ನೂ ಬೇಡ ಮಣ್ಣೂ ಬೇಡ. ಪ್ಯಾಕೇಜಿಂದ ಫ್ಲೈಟ್ ತೆಗೆಸಿಬಿಡಿ.

ಹಳೇ ಟಿಕೆಟಿಂಗ್ ಕೈ:

ಬುಕ್ ಮಾಡೋಕೆ ಮುಂಚೆ ಆಗಿದ್ರೆ ನಿಮ್ಮ ಮಾತೇ ಸರಿ ಸರ್, ನಾನೂ ಅದನ್ನೇ ಹೇಳ್ತಿದ್ದೆ. ಈಗ ಟಿಕೆಟ್ ಇಶ್ಯೂ ಆಗಿದ್ರೆ ಗುಂಪು ರೇಟಿನದಕ್ಕೆ ವಾಪಸ್ ಬರೋದು ಚಿಲ್ಲರೆ. ಬರೀ ರಿಸರ್ವೇಷನ್ ಇದ್ದು ಇನ್ನೂ ಟಿಕೆಟ್ ನಂಬರ್ ಬಿದ್ದಿಲ್ಲ ಅಂದ್ರೆ ಆಟ ಬೇರೆ. ತಮ್ಮಾ, ನಿನ್ನ ಪಿಡಿಎಫ್‌ನಲ್ಲಿ 13 ಅಂಕಿ ಇರೋ ಟಿಕೆಟ್ ನಂಬರ್ ಇದೆಯಾ ನೋಡು. ಆರು ಅಕ್ಷರದ ಪಿಎನ್‌ಆರ್ ಬೇರೆ, ಅದಲ್ಲ.

ಎಂಸಿಸಿ ಬಿ ಬ್ಲಾಕ್:

ನೋಡ್ದೆ ಅಕ್ಕ, 13 ಅಂಕಿದು ಎಲ್ಲೂ ಇಲ್ಲ! ಬರೀ ಪಿಎನ್‌ಆರ್ ಐತೆ. ಅಂದ್ರೆ ಇನ್ನೂ ಟೈಮ್ ಐತಾ?

ಹಳೇ ಟಿಕೆಟಿಂಗ್ ಕೈ:

ಇದೆ, ಇವತ್ತೇ ಮೇಲ್ ಹಾಕು, ನಾಳೆ ಅನ್ಬೇಡ. ಹೊಸದು ಬಂದ್ಮೇಲೆ ಆ ಪಿಎನ್‌ಆರ್ ಹಾಕಿ ಏರ್‌ಲೈನ್ ಸೈಟಲ್ಲಿ ನೀನೇ ತೆಗೆದು ನೋಡು, ಸೀಟು, ಊಟ, ವೀಲ್‌ಚೇರ್ ಎಲ್ಲಾ ಅಲ್ಲೇ ಕೇಳ್ಬಹುದು. ಯುರೋಪಲ್ಲಿ ವೀಲ್‌ಚೇರ್‌ಗೆ ಒಂದು ಪೈಸೆ ಇಲ್ಲ, 48 ತಾಸು ಮುಂಚೆ ಹೇಳಿದ್ರಾಯ್ತು. ಅಮ್ಮಂಗೆ ನಾಚಿಕೆ ಅಂತ ಬೇಡ ಅಂದ್ರೂ ನೀನು ಹಾಕ್ಸು. ನಮ್ಮಮ್ಮ 'ನಾನೇನ್ ಹೆಳವಿನಾ' ಅಂತ ಸಿಟ್ಟು ಮಾಡ್ಕೊಂಡು, ಆಮೇಲೆ ಆ ಕ್ಯೂ ನೋಡಿ ತಾನೇ ಕೂತ್ಕೊಂಡ್ರು.

ವಾಪಸ್ ಬರುವಾಗ ಏನಾದ್ರೂ ಲೇಟಾದ್ರೆ ನೆನಪಿಟ್ಕೋ, ಯುರೋಪಿಂದ ಹೊರಡೋ ಫ್ಲೈಟ್‌ಗೆ, ಯಾವ ದೇಶದ ಏರ್‌ಲೈನ್ ಆದ್ರೂ ಸರಿ, ಯುರೋಪಿಯನ್ ಯೂನಿಯನ್‌ದು 2004ರ 261ನೇ ನಿಯಮ ಇದೆ. ಇಷ್ಟು ದೂರಕ್ಕೆ ತಲೆಗೆ 600 ಯೂರೋವರೆಗೂ ಪರಿಹಾರ ಇದೆ, ತಪ್ಪು ಏರ್‌ಲೈನ್‌ದೇ ಆಗಿದ್ರೆ. ಹೋಗುವಾಗ ಗಲ್ಫ್ ಏರ್‌ಲೈನಲ್ಲಿ ಹೋದ್ರೆ ಅದು ಸಿಗಲ್ಲ.

ಇನ್ನೋವಾ ಮಂಜ:

ಅಣ್ಣಾ ಹಡಗಿನ ವಿಚಾರ ನಂಗೊತ್ತಿಲ್ಲ, ಏರ್‌ಪೋರ್ಟ್ ಬಾಡಿಗೆ ಗೊತ್ತು. 4:10ರ ಫ್ಲೈಟ್ ಅಂದ್ರೆ 1 ಗಂಟೆಗೆ ಅಲ್ಲಿರ್ಬೇಕು, ದಾವಣಗೆರೆ ಬಿಡೋದು ಸಂಜೆ 7ಕ್ಕೆ. ತುಮಕೂರು ಆದ್ಮೇಲೆ ಬೆಂಗಳೂರೊಳಗೆ ಹೋಗ್ಬ್ಯಾಡ್ರಿ, ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ. ರಾತ್ರಿ 2:55ಕ್ಕೆ ಇಳಿದವ್ರನ್ನ ಕೂರಿಸ್ಕೊಂಡು ಆ ಹೊತ್ನಲ್ಲೇ ವಾಪಸ್ ಓಡ್ಸೋದು ಮಾತ್ರ ನಾನು ಒಪ್ಪಲ್ಲ. ಸಿರಾ ದಾಟೋ ಟೈಮಿಗೆ ಬೆಳಗಿನ ಜಾವ, ಆವಾಗ್ಲೇ ಕಣ್ಣು ಹತ್ತೋದು, ಮುಂದೆ ಸಿಮೆಂಟ್ ಲಾರಿ ಹಿಂದೆ ಲೈಟೇ ಇರಲ್ಲ. ಎಷ್ಟು ದುಡ್ಡು ಕೊಟ್ರೂ ಬೇಡ, ದೇವನಹಳ್ಳೀಲಿ ರೂಮ್ ಮಾಡಿ ಮಲಗಿಸಿ ಬೆಳಕಾದ್ಮೇಲೆ ಹೊರಡಿ.

ಕೋಟೆ ಕಡೆಯವ:

ಮಂಜಣ್ಣ ಹೇಳಿದ್ದು ನೂರಕ್ಕೆ ನೂರು. ರೋಮ್ ಏರ್‌ಪೋರ್ಟಿಂದ ಬಂದರಿಗೂ ಹಂಗೇ ಲೆಕ್ಕ ಹಾಕ್ರಿ. ರೋಮ್ ಅಂತ ಹೆಸರಷ್ಟೇ, ಹೆಚ್ಚುಕಮ್ಮಿ ದಾವಣಗೆರೆಯಿಂದ ದುರ್ಗದಷ್ಟು ದೂರ. 3:30ಕ್ಕೆ ಇಳಿದು ಬ್ಯಾಗ್ ತಗೊಂಡು ಹೋಗೋಷ್ಟರಲ್ಲಿ ಚೆಕ್-ಇನ್ ಮುಚ್ಚಿರುತ್ತೆ, 6ಕ್ಕೆ ಹಡಗು ಅಂದ್ರೆ 6ರವರೆಗೂ ಹತ್ತಿಸ್ತಾರೆ ಅಂತಲ್ಲ, ಒಂದು ಒಂದೂವರೆ ತಾಸು ಮುಂಚೇನೇ ಬಂದ್ ಮಾಡ್ತಾರೆ.

ಎಂಸಿಸಿ ಬಿ ಬ್ಲಾಕ್:

ಅಪ್‌ಡೇಟ್. ಐದು ದಿನ, ಒಂಬತ್ತು ಮೇಲ್. ಮೊದ್ಲು ಏಜೆಂಟ್ರು ಡೀವಿಯೇಷನ್ ಅಂದ್ರೇನು ಸರ್ ಅಂದ್ರು, ನಾನು ಅಕ್ಕ ಬರೆದಿದ್ದನ್ನೇ ಕಾಪಿ ಹೊಡೆದು ಕಳ್ಸಿದೆ. ಫೀಸು, ವ್ಯತ್ಯಾಸ ಸೇರಿ ತಲೆಗೆ ಹದಿನಾಲ್ಕು ಸಾವಿರ ಜಾಸ್ತಿ ಆಯ್ತು, ತಂಗಿ ಮುಖ ಊದಿಸ್ಕೊಂಡ್ಳು, ಇರ್ಲಿ. ಹೋಗೋದು ಒಂದಿನ ಮುಂಚೆ, ಗಲ್ಫಿಂದ ಸೀದಾ ರೋಮ್. ಅವತ್ತಿನ ಹೋಟೆಲ್ ನಮ್ಮ ಖರ್ಚು, ಬಂದರ ಹತ್ರಾನೇ ಹಿಡಿದಿದೀವಿ. ಬರೋದು ಮಧ್ಯಾಹ್ನ 3:20ಕ್ಕೆ, ಗಲ್ಫಲ್ಲಿ ನಾಲ್ಕು ತಾಸು, ಬೆಂಗಳೂರಿಗೆ ಬೆಳಿಗ್ಗೆ 8:20. ಹೊಸ ತಾರೀಖಿನ ಮೇಲೇನೇ ವೀಸಾ ಫೈಲ್ ಕೊಟ್ಟು ಬಂದ್ವಿ. ಮಂಜಣ್ಣ, ಡೇಟ್ ಮೆಸೇಜ್ ಮಾಡ್ತೀನಿ, ಬರ್ಬೇಕು.

ಒಂದೇ ಒಂದು ಡೌಟು ಉಳಿದೈತೆ. ಅವ್ವ ಶೇಂಗಾ ಚಟ್ನಿಪುಡಿ, ರೊಟ್ಟಿ, ಜೊತೆಗೆ ಒಂದು ಡಬ್ಬಿ ಬೆಣ್ಣೆ ಕಾಯಿಸಿದ ತುಪ್ಪ ಕಟ್ಟಿಕೊಳ್ತೀನಿ ಅಂತ ಹಟ ಹಿಡಿದಾಳೆ.

ಹಳೇ ಟಿಕೆಟಿಂಗ್ ಕೈ:

ತುಪ್ಪ ಬೇಡವೇ ಬೇಡ, ಹೊರಗಿಂದ ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡಲ್ಲ, ಪೇಡೆನೂ ಅಷ್ಟೇ. ಚಟ್ನಿಪುಡಿ ಚೆಕ್-ಇನ್ ಬ್ಯಾಗಲ್ಲಿ ಹಾಕಿ, ಕೈಚೀಲದಲ್ಲಿ ಪುಡಿ ಕಂಡ್ರೆ ಬಿಚ್ಚಿಸ್ತಾರೆ. ರೊಟ್ಟಿ ದಾರಿಗೆ ಮಾತ್ರ, ಮನೇಲಿ ಮಾಡಿದ ಅಡಿಗೆ ಹಡಗೊಳಗೆ ಸಾಮಾನ್ಯವಾಗಿ ಬಿಡಲ್ಲ.

ಇನ್ನೋವಾ ಮಂಜ:

ತುಪ್ಪ ನನ್ ಗಾಡೀಲೇ ಬಿಟ್ಟು ಹೋಗ್ಲಿ ಬಿಡಿ ಅಣ್ಣ, ವಾಪಸ್ ಬಂದಾಗ ಡಬ್ಬಿ ಕೊಡ್ತೀನಿ. ಖಾಲಿ ಡಬ್ಬಿ.