ಚಹಾದ ಪೆಟ್ಟಿಗಿ, ಸುರಪುರದ ಕೋಟೆ, ಆಯಿ ಕೇಳಿದ ಮಾತು

ಗುಂಪು: ಮನಿ ಮಂದಿ, ಕಲಬುರಗಿ

ಕಾಕಾ, ರಾತ್ರಿ 8:05
(ಫಾರ್ವರ್ಡ್) ಚಹಾದ ಮೇಲೆ ತೆರಿಗೆ ಏರಿಸಿದ ಒಂದೇ ಕಾರಣಕ್ಕೆ ಅಮೆರಿಕದ ಜನ ಬ್ರಿಟಿಷರ ಮೇಲೆ ಯುದ್ಧ ಹೂಡಿ ಸ್ವತಂತ್ರರಾದರು. ನಾವು ಮಾತ್ರ 200 ವರ್ಷ ತಲೆಬಾಗಿ ನಿಂತೆವು. ಎಲ್ಲರಿಗೂ ಕಳಿಸಿ.

ನಾನು, 8:11
ಕಾಕಾ, ಇದು ತಪ್ಪದ. 1773ರ ಚಹಾ ಕಾಯ್ದೆ ಬಂದ ಮ್ಯಾಲ ಅಲ್ಲಿ ಚಹಾ ಅಗ್ಗ ಆಗೋದಿತ್ತು. ಈಸ್ಟ್ ಇಂಡಿಯಾ ಕಂಪನಿ ಗೋದಾಮಿನಾಗ ಚಹಾ ರಾಶಿ ಬಿದ್ದಿತ್ತು, ಕಂಪನಿ ಮುಳುಗಬಾರ್ದಂತ ಸೀದಾ ಅಮೆರಿಕಕ್ಕ ಮಾರಲಿಕ್ಕಿ ಬಿಟ್ರು. ಆದ್ರ ಒಂದು ಪೌಂಡಿಗಿ 3 ಪೆನ್ನಿ ಹಳೇ ಸುಂಕ ಹಂಗೇ ಇಟ್ರು.

ಕಾಕಾ, 8:13
ಅಗ್ಗ ಆದ್ರ ಕುಡೀಬೇಕಿಲ್ಲೋ ತಂಗಿ, ಸಮುದ್ರಕ್ಕ ಯಾಕ ಚೆಲ್ಲಿದ್ರು?

ನಾನು, 8:20
ಆ 3 ಪೆನ್ನಿ ಕೊಟ್ಟು ಕುಡಿದ್ರ, ತಮ್ಮ ಕಡಿಯವ ಒಬ್ಬನೂ ಇಲ್ಲದ ಲಂಡನ್ ಪಾರ್ಲಿಮೆಂಟಿಗಿ ತೆರಿಗಿ ಹಾಕೋ ಹಕ್ಕು ಅದ ಅಂತ ಒಪ್ಪಿಕೊಂಡಂಗ. ಅದಕ್ಕ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರದಾಗ 3 ಹಡಗಿನ 342 ಪೆಟ್ಟಿಗಿ ಕೊಡಲಿಲೆ ಒಡೆದು ಚೆಲ್ಲಿದ್ರು. ಸಮುದ್ರದ ನೀರು ಇಳಿದಿತ್ತು. ಚಹಾ ಮುಳುಗದೆ ಹಡಗಿನ ಬಾಜೂಕ ಬಣವಿ ಹಂಗ ಗುಡ್ಡಿ ಬಿತ್ತು. ಮರುದಿನ ಮುಂಜಾನಿ ಸಣ್ಣ ದೋಣಿ ತಗೊಂಡು ಹೋಗಿ, ಯಾರೂ ಬಾಚ್ಕೊಂಡು ಹೋಗಬಾರ್ದಂತ ಹುಟ್ಟಿಲೆ ಬಡಿದು ಬಡಿದು ಮುಳುಗಿಸ್ಯಾರ. ಇದು ರೊಕ್ಕ ಉಳಿಸೋರು ಮಾಡೋ ಕೆಲಸ ಅಲ್ಲ ಕಾಕಾ.

ಅಣ್ಣ, 8:24
ತೆರಿಗಿ ಕಾರಣನೇ ಅಲ್ಲ ಅಂದ್ರ ಹ್ಯಾಂಗ? ಫ್ರಾನ್ಸ್ ಜೊತಿ ನಡೆದು 1763ಕ್ಕ ಮುಗಿದ ಯುದ್ಧದಾಗ ಇಂಗ್ಲೆಂಡಿಗಿ ಸಾಲ ಆಗಿತ್ತು, ಅದನ್ನ ಅಮೆರಿಕದವರ ತಲಿ ಮ್ಯಾಲ ಹೊರಿಸಿದ್ರು. ಶುರು ಆಗಿದ್ದೇ ಅಲ್ಲಿಂದ.

ನಾನು, 8:26
ಖರೇ ಅಣ್ಣಾ, ಅದನ್ನ ಒಪ್ತೀನಿ. 1765ರಾಗ ಛಾಪಾಕಾಗದದ ಕಾಯ್ದೆ ತಂದ್ರು.

ಕಾಕಾ, 8:29
ನಾ 30 ವರ್ಷ ಕಚೇರಿ ಮುಂದ ಕುಂತು ಛಾಪಾಕಾಗದದ ಮ್ಯಾಲ ಖರೀದಿಪತ್ರ ಬರೆದೀನಿ. ಅದಕ್ಕಂತ ಯಾರೂ ಬಂದೂಕು ಹಿಡೀಲಿಲ್ಲ.

ನಾನು, 8:38
ಅಲ್ಲೂ ಹಿಡೀಲಿಲ್ಲ ಕಾಕಾ. ನಾ ಹೇಳ್ಲತ್ತಿದ್ದು ಅದನ್ನೇ. ಕೋರ್ಟಿನ ಕಾಗದ, ಪತ್ರಿಕಿ, ಕಡೀಗಿ ಇಸ್ಪೀಟ್ ಎಲಿಗೂ ಮುದ್ರಿ ಬೇಕಂದ್ರು. ಬಿಸಿ ಮೊದಲು ತಟ್ಟಿದ್ದು ವಕೀಲರಿಗಿ, ಅಚ್ಚು ಹಾಕೋರಿಗಿ. ಅಂದ್ರ ಮಾತಾಡಲಿಕ್ಕಿ, ಬರೀಲಿಕ್ಕಿ ಬರೋ ಮಂದಿಗೇ. ಅವರು ಊರೂರಿಗಿ ಸುದ್ದಿ ಮುಟ್ಟಿಸಿದ್ರು. ಮರುವರ್ಷ ಪಾರ್ಲಿಮೆಂಟ್ ಕಾಯ್ದೆ ವಾಪಸ್ ತಗೊಂತು. ಮುಂದ ಹತ್ತು ವರ್ಷ ತನಕ ಅವರು ಮಾಡಿದ್ದು ಅರ್ಜಿ ಮ್ಯಾಲ ಅರ್ಜಿ, ಬ್ರಿಟಿಷ್ ಮಾಲು ಮುಟ್ಟಂಗಿಲ್ಲ ಅನ್ನೋ ಹಟ.

ದಾರಿ ತಿರುಗಿದ್ದು 1774ರಾಗ. ಚಹಾ ಚೆಲ್ಲಿದವರು ಒಂದಿಷ್ಟು ಮಂದಿ, ಶಿಕ್ಷಾ ಇಡೀ ಊರಿಗಿ. ಬಾಸ್ಟನ್ ಬಂದರನೇ ಮುಚ್ಚಿದ್ರು, ಆ ಪ್ರಾಂತದ ಗವರ್ನರನ ಮಂಡಳಿ ಆರಿಸೋ ಹಕ್ಕು ಕಸಗೊಂಡ್ರು. ಹಮಾಲರು, ಬಡಿಗೇರು, ಮೀನುಗಾರರ ಒಲಿ ಆರಿತು. ಆಗ ದೂರದ ಮಂದಿಗಿ ‘ನಾಳಿ ನಮಗೂ ಇದೇ ಗತಿ’ ಅನ್ನಿಸ್ತು. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ದಿಂದ ಕುರಿ ಹಿಂಡು ಬಂತು. ಸೆಪ್ಟೆಂಬರ್‌ದಾಗ 12 ವಸಾಹತಿನವರು ಫಿಲಡೆಲ್ಫಿಯಾದಾಗ ಒಂದೇ ಕಡಿ ಕುಂತ್ರು. ನನ್ನ ಪಾಲಿಗಿ ಚಹಾಕ್ಕಿಂತ ಆ ಅಕ್ಕಿ ಚೀಲನೇ ದೊಡ್ಡದು.

ಅಣ್ಣ, 8:41
ಮತ್ತ ಗುಂಡು ಹಾರಿದ್ದು?

ನಾನು, 8:44
1775 ಏಪ್ರಿಲ್ 19. ರೈತರು ಕೂಡಿಸಿಟ್ಟ ಮದ್ದುಗುಂಡು ಹಿಡೀಲಿಕ್ಕಿ ಬ್ರಿಟಿಷ್ ಸೈನ್ಯ ಹೊಂಟಾಗ ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ದಾಗ 8 ಮಂದಿ ಸತ್ರು. ಅಷ್ಟಾದ್ರೂ ಜುಲೈದಾಗ ಮತ್ತೊಂದು ಅರ್ಜಿ ಬರೆದ್ರು, ರಾಜಿ ಆಗೋಣಂತ. ಇಂಗ್ಲೆಂಡಿನ ರಾಜ ಅದನ್ನ ತಗೊಳ್ಳಲೇ ಇಲ್ಲ, ಆಗಸ್ಟ್‌ದಾಗ ಇವರು ದಂಗೆಕೋರರು ಅಂತ ಸಾರಿದ. ‘ಸ್ವಾತಂತ್ರ್ಯ’ ಅಂತ ಬರೆದದ್ದು ಅದರ ಮರುವರ್ಷ, 1776 ಜುಲೈ 4ಕ್ಕ.

ಮಾಮಾ ಸುರಪುರ, 8:52
ನನಗ ಚುಚ್ಚಿದ್ದು ಆ ಮೆಸೇಜಿನ ತಲೆಬಾಗೋ ಮಾತು. ನಮ್ಮ ರಾಜಾ ವೆಂಕಟಪ್ಪ ನಾಯಕ 1858 ಫೆಬ್ರುವರಿದಾಗ ಬಡಿದಾಡಿದ್ದು ತಲಿ ಬಾಗಿದಂಗಾ? ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಣ್ಣ ಮುಂದ ಬೆಳೆದ ಹರೇದ ಹುಡುಗ ಅವ. ಜೀವನೇ ಕೊಟ್ಟ. ಎರಡು ವರ್ಷಕ್ಕ ಸುರಪುರ ನಿಜಾಮನ ಕೈಗಿ ಹೋಯ್ತು. ಧೈರ್ಯಾ ಕಮ್ಮಿ ಇದ್ದಿಲ್ಲ. ಮತ್ತ ಅಲ್ಲಿ ಆಗಿದ್ದು ಇಲ್ಲಿ ಯಾಕ ಆಗ್ಲಿಲ್ಲ, ಹೇಳವ್ವ.

ನಾನು, 9:01
ಮಾಮಾ, ಬಾಸ್ಟನ್ ಒಂಟಿ ಇದ್ದಿಲ್ಲ, ಸುರಪುರ ಒಂಟಿ ಇತ್ತು. ಹೈದರಾಬಾದಿನ ನಿಜಾಮ ಬ್ರಿಟಿಷರ ಕಡಿ ನಿಂತಿದ್ದ. ಅಕ್ಕಿ ಚೀಲ ಕಳಿಸೋರು ಯಾರಿದ್ರು? ಅಮೆರಿಕದವರಿಗಿ 1778ರಾಗ ಫ್ರಾನ್ಸ್ ಬಂದು ಕೂಡಿತು. ಫ್ರಾನ್ಸಿನ ಹಡಗು ಸಮುದ್ರ ಕಟ್ಟಿ ನಿಂತದ್ದಕ್ಕೇ 1781ರಾಗ ಯಾರ್ಕ್‌ಟೌನ್‌ದಾಗ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಅದೇ ಕಾರ್ನ್‌ವಾಲಿಸ್ 1792ಕ್ಕ ಶ್ರೀರಂಗಪಟ್ಟಣದಾಗ ಟಿಪ್ಪುವಿನ ಎರಡು ಮಕ್ಕಳನ್ನ ಒತ್ತೆಯಾಳಾಗಿ ಹಿಡಕೊಂಡು ಹೋದ. ಇದನ್ನ ಪಾಠ ಹೇಳಾಗೆಲ್ಲಾ ನನಗ ಗಂಟಲು ಕಟ್ತದ.

ಅತ್ತಿ ಬೀದರ, 9:07
ನೀ ಹೇಳಿದ್ದೆಲ್ಲಾ ಓದಿದೆ. ಆ ಅಕ್ಕಿ ಬೆಳೆದವರು ಯಾರು? ಕ್ಯಾರೊಲಿನಾದ ಗದ್ದಿ ಕೆಸರಿನಾಗ ನಿಂತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರಿಗಿ 1776ರಾಗ ಏನು ಸಿಕ್ತು? ಪಶ್ಚಿಮದ ಗುಡ್ಡ ದಾಟಿ ಮೂಲ ಮಂದಿ ಜಮೀನಿಗಿ ಹೋಗಬ್ಯಾಡ್ರಿ ಅಂತ ರಾಜ 1763ರಾಗ ತಡೆದಿದ್ದಕ್ಕೂ ಇವರಿಗಿ ಸಿಟ್ಟಿತ್ತು. ಅದನ್ನೂ ಹೇಳು.

ನಾನು, 9:10
ಹೌದತ್ತಿ. ಅಕ್ಕಿ ಬಗ್ಗಿ ನಾ ಹಂಗ ಯೋಚನೀನೇ ಮಾಡಿದ್ದಿಲ್ಲ. ಕ್ಲಾಸಿನಾಗ ಇನ್ನ ಮ್ಯಾಲ ಎರಡೂ ಕೂಡೇ ಹೇಳ್ತೀನಿ.

ಕಾಕಾ, 9:12
ಮೆಸೇಜ್ ಅಳಿಸೀನಿ. ಬೇರೆ ಗುಂಪಿನಾಗ ಹಾಕಿದ್ದೂ ತಗೀತೀನಿ. ತೆರಿಗಿ ಮಾತು ಮಾತ್ರ ನಾ ಬಿಡಂಗಿಲ್ಲ.

ಅಣ್ಣ, 9:20
ಆಯಿಗಿ ಎಲ್ಲಾ ಓದಿ ಹೇಳಿದೆ. ‘ಆ ಊರಿಗಿ ಅಕ್ಕಿ ಕಳಿಸಿದ್ರಲ್ಲ, ಅವರು ಸಮೀಪದವರೇನು?’ ಅಂತ ಕೇಳ್ಲತ್ತಾಳ.

ನಾನು, 9:21
ಇಲ್ಲ ಆಯಿ, ಭಾಳ ದೂರದವರು. ಹಡಗಿನಾಗ ಬರಬೇಕು.

ಅಣ್ಣ, 9:26
ಆಯಿ ಹೇಳಿದ್ದು ಬರೀತೀನಿ. ‘ರಜಾಕಾರರ ಗದ್ದಲದಾಗ ನಾವು ಆಳಂದ ಕಡಿಂದ ರಾತ್ರೋರಾತ್ರಿ ಸೋಲಾಪುರಕ್ಕ ಹೋದಿವಿ. ಜ್ವಾಳ ಹಗೇವಿನಾಗೇ ಉಳೀತು. ನಿಜಾಮನ ಗಡಿ ದಾಟಿದ ಮ್ಯಾಲ ಒಬ್ಬಾಕಿ, ಮಾತು ಮರಾಠಿ, ನಮ್ಮವ್ವನ ಉಡಿಯಾಗ ನಾಲ್ಕು ಕಟಕ ರೊಟ್ಟಿ, ಶೇಂಗಾ ಹಿಂಡಿ ಹಾಕಿದಳು. ಹೆಸರು ಕೇಳಲಿಲ್ಲ ನಾವು.’