ರೇಸ್ ಆಟಗಳಲ್ಲಿ ರಿಪೇರಿ ಖರ್ಚು: ಓಡಿದ ದೂರಕ್ಕೋ, ಮಾಡಿದ ತಪ್ಪಿಗೋ?

ಮೂರನೇ ಗೇರ್:
ಗ್ರಾನ್ ಟುರಿಸ್ಮೊ 7 ಎಂಬ ಕಾರ್ ರೇಸಿನ ವಿಡಿಯೊ ಗೇಮ್ ಆಡುವಾಗಲೆಲ್ಲ ನನ್ನನ್ನು ಕೊರೆಯುವ ಒಂದು ವಿಷಯವನ್ನು ಚರ್ಚೆಗೆ ಇಡುತ್ತಿದ್ದೇನೆ. ಈ ಆಟದಲ್ಲಿ ಕಾರು ಓಡಿದಷ್ಟೂ ಆಯಿಲ್ ಹಳತಾಗಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಆಯಿಲ್ ಬದಲಿಸಬೇಕು, ಇನ್ನಷ್ಟು ಓಡಿದ ಮೇಲೆ ಎಂಜಿನ್ ಓವರ್‌ಹಾಲ್ ಮಾಡಿಸಬೇಕು, ಸಡಿಲವಾದ ಬಾಡಿಯನ್ನು ಬಿಗಿ ಮಾಡಿಸಲು ಬೇರೆಯೇ ಹಣ ತೆರಬೇಕು. ಆದರೆ ತಿರುವಿನಲ್ಲಿ ತಡವಾಗಿ ಬ್ರೇಕ್ ಒತ್ತಿ ಮುಂದಿನ ಕಾರಿಗೆ ಗುದ್ದಿದರೆ, ರೇಸ್ ಮುಗಿಸಿ ಗ್ಯಾರೇಜಿಗೆ ಬರುವಷ್ಟರಲ್ಲಿ ಕಾರು ನೆಗ್ಗೇ ಇಲ್ಲದೆ ನಿಂತಿರುತ್ತದೆ ಮತ್ತು ಆ ಡಿಕ್ಕಿಯ ರಿಪೇರಿಗೆಂದು ಯಾವ ಬಿಲ್ಲೂ ಬರುವುದಿಲ್ಲ. 1999ರ ನೀಡ್ ಫಾರ್ ಸ್ಪೀಡ್: ಹೈ ಸ್ಟೇಕ್ಸ್ ಆಟದಲ್ಲಿ ಗುದ್ದಿಸಿಕೊಂಡ ಕಾರಿನ ಓಟವೇ ಕೆಡುತ್ತಿತ್ತು, ಗೆದ್ದ ಹಣದಿಂದಲೇ ಅದನ್ನು ರಿಪೇರಿ ಮಾಡಿಸಬೇಕಿತ್ತು. ಅಂದು ಸಾಧ್ಯವಾಗಿದ್ದು ಇಂದು ಏಕೆ ಬೇಡವಾಯಿತು?

ಹಳೆಯ ಸ್ಟೀರಿಂಗ್:
ಹೈ ಸ್ಟೇಕ್ಸ್ ಅನ್ನು ಶಾಲಾದಿನಗಳಲ್ಲಿ ಆಡಿದವನಾಗಿ ನಾನು ಇದನ್ನು ಒಪ್ಪಲಾರೆ. ಆಟಕ್ಕೆ ಹೊಸಬನಾದವನೇ ಹೆಚ್ಚು ಗುದ್ದುತ್ತಾನೆ, ಅವನೇ ಕೊನೆಯ ಸ್ಥಾನಗಳಲ್ಲಿ ಮುಗಿಸುತ್ತಾನೆ, ಆದ್ದರಿಂದ ಅವನ ಕೈಯಲ್ಲೇ ಹಣ ಕಡಿಮೆ ಇರುತ್ತದೆ. ರಿಪೇರಿ ಮಾಡಿಸಲಾಗದೆ ಕೆಟ್ಟ ಕಾರಿನಲ್ಲೇ ಮುಂದಿನ ರೇಸಿಗೆ ಇಳಿದರೆ ಮತ್ತೆ ಸೋಲು. ಗಾಯದ ಮೇಲೆ ಬರೆ ಎಳೆದಂತೆ. ಚೆನ್ನಾಗಿ ಓಡಿಸುವವನಿಗೆ ಆ ಬಿಲ್ಲು ತಟ್ಟುವುದೇ ಇಲ್ಲ. ಕಲಿಯುವವನನ್ನು ಆಟದಿಂದ ಹೊರದೂಡುವ ಖರ್ಚನ್ನು ನಾನು ನೈಜತೆ ಎಂದು ಕರೆಯುವುದಿಲ್ಲ.

ಕಾಫಿಸೀಮೆ:
ಹಣದ ಬದಲು ಸಮಯದಲ್ಲಿ ಬೆಲೆ ಕೊಡಿಸುವ ದಾರಿಯೂ ಇದೆಯಲ್ಲವೇ? 2015ರ ಆಟವಾದ ಡರ್ಟ್ ರ‍್ಯಾಲಿಯಲ್ಲಿ ಹಂತಗಳ ನಡುವೆ ಸರ್ವಿಸ್‌ಗೆ 30 ನಿಮಿಷ ಸಿಗುತ್ತದೆ. ರೇಡಿಯೇಟರ್ ಮೊದಲೋ, ಸಸ್ಪೆನ್ಷನ್ ಮೊದಲೋ ಎಂದು ನೀವೇ ನಿರ್ಧರಿಸಬೇಕು, ಅವಧಿ ಮೀರಿದರೆ ದಂಡವಾಗಿ ಸಮಯ ಸೇರುತ್ತದೆ. ವಿಶ್ವ ರ‍್ಯಾಲಿಯಲ್ಲಿಯೂ ನಿಗದಿತ ಸಮಯಕ್ಕೆ ತಲುಪಬೇಕಾದ ನಿಯಂತ್ರಣ ಠಾಣೆಗೆ ತಡವಾದ ಪ್ರತಿ ನಿಮಿಷಕ್ಕೆ 10 ಸೆಕೆಂಡ್ ದಂಡವಿದೆ. ನಮ್ಮ ಚಿಕ್ಕಮಗಳೂರಿನ ತೋಟಗಳ ರ‍್ಯಾಲಿಗಳಲ್ಲಿ ಮೆಕ್ಯಾನಿಕ್‌ಗಳು ಗಡಿಯಾರ ನೋಡುತ್ತ ಕಾರಿನಡಿ ನುಸುಳುವುದನ್ನು ಕಂಡವನಿಗೆ ಆ 30 ನಿಮಿಷಗಳ ಆತಂಕ ಚೆನ್ನಾಗಿ ಅರ್ಥವಾಗುತ್ತದೆ. ಇಂಥ ದಂಡ ಆ ಸ್ಪರ್ಧೆಯೊಂದಿಗೆ ಮುಗಿಯುತ್ತದೆ. ಮುಂದಿನ ಸ್ಪರ್ಧೆಗೆ ಸಾಲವಾಗಿ ಬೆನ್ನು ಹತ್ತುವುದಿಲ್ಲ.

ಲೆಕ್ಕದ ಪುಸ್ತಕ:
ಮೂರನೇ ಗೇರ್ ಅವರು ಗ್ರಾನ್ ಟುರಿಸ್ಮೊದಲ್ಲಿ ಡಿಕ್ಕಿಗೆ ಬಿಲ್ಲಿಲ್ಲ ಎನ್ನುತ್ತಾರೆ. ಬಿಲ್ಲು ಇದೆ, ಆದರೆ ಬೋನಸ್ ಎಂಬ ಹೆಸರಿನಲ್ಲಿದೆ. ಟೋಕಿಯೊ ಎಕ್ಸ್‌ಪ್ರೆಸ್‌ವೇಯ 600 ಅಂಕಮಿತಿಯ (ಕಾರಿನ ಸಾಮರ್ಥ್ಯಕ್ಕೆ ಆಟ ಕೊಡುವ ಅಂಕ) ರೇಸ್ ಗೆದ್ದರೆ 5,50,000 ಕ್ರೆಡಿಟ್, ಅಂದರೆ ಆಟದೊಳಗಿನ ಹಣ. ಯಾರಿಗೂ ಗುದ್ದದೆ ಗೆದ್ದರೆ ಅದರ ಅರ್ಧದಷ್ಟು ಸೇರಿ 8,25,000. ಎರಡೂ ಬದಿ ಗೋಡೆಗಳಿರುವ ಆ ಇಕ್ಕಟ್ಟಿನ ರಸ್ತೆಯಲ್ಲಿ ಒಂದು ಡಿಕ್ಕಿಯ ಬೆಲೆ 2,75,000 ಎಂದಾಯಿತು, ಆಯಿಲ್ ಖರ್ಚು ಅದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಕೈಗೆ ಬಂದದ್ದನ್ನು ಕಸಿಯದೆ, ಬರಬೇಕಾದದ್ದನ್ನು ತಡೆಹಿಡಿಯುವ ಈ ಕ್ರಮದಲ್ಲಿ ಹೊಸಬನೂ ಬರಿಗೈಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಕ್ರೆಡಿಟ್‌ಗಳನ್ನು ನಿಜವಾದ ಹಣಕ್ಕೆ ಮಾರುವ ಆಟದಲ್ಲಿ ಯಾವ ಖರ್ಚು ಹೆಚ್ಚಿಸಿದರೂ ಅನುಮಾನ ಹುಟ್ಟುತ್ತದೆ. 2022ರ ಮಾರ್ಚ್‌ನಲ್ಲಿ 20 ಲಕ್ಷ ಕ್ರೆಡಿಟ್‌ಗಳ ಕಟ್ಟನ್ನು ಸುಮಾರು 20 ಡಾಲರಿಗೆ ಮಾರುತ್ತಿದ್ದಾಗಲೇ ಹಲವು ರೇಸ್‌ಗಳ ಬಹುಮಾನವನ್ನು ಇಳಿಸಿದ್ದರು. ಆಟಗಾರರು ಸಿಡಿದೆದ್ದ ಮೇಲೆ 10 ಲಕ್ಷ ಕ್ರೆಡಿಟ್ ಉಚಿತವಾಗಿ ಕೊಟ್ಟು, ಏಪ್ರಿಲ್‌ನಲ್ಲಿ ಬಹುಮಾನ ಏರಿಸಿದರು. ಅಂಥ ಅಂಗಡಿ ತೆರೆದಿರುವವರೆಗೆ ರಿಪೇರಿ ಬಿಲ್ಲನ್ನು ನಾನು ಬೇಡುವುದಿಲ್ಲ.

ಮೂರನೇ ಗೇರ್:
ಅಂಗಡಿಯ ವಿಚಾರದಲ್ಲಿ ನಿಮ್ಮ ಮಾತು ನಿಜ, ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಬೋನಸ್ಸಿಗೆ ತಾರತಮ್ಯ ಗೊತ್ತಿಲ್ಲ. ಹಿಂದಿನಿಂದ ಕಂಪ್ಯೂಟರ್ ಓಡಿಸುವ ಕಾರು ಬಂದು ನನ್ನನ್ನು ನೂಕಿದಾಗಲೂ ಬೋನಸ್ ಕೈತಪ್ಪಿದ್ದುಂಟು. ತಪ್ಪು ಮಾಡಿದವನಿಗೇ ದಂಡ ಬೀಳಬೇಕೆಂಬುದು ನನ್ನ ಮೂಲ ಬೇಡಿಕೆ.

ಕಾಫಿಸೀಮೆ:
ಆ ನ್ಯಾಯ ನಿಜವಾದ ರೇಸಿನಲ್ಲೂ ಇಲ್ಲ. 2021ರ ಫಾರ್ಮುಲಾ 1 ರೇಸಿನಲ್ಲಿ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಹ್ಯಾಮಿಲ್ಟನ್ ಕಾರು ತಗುಲಿ ವರ್ಸ್ಟಾಪೆನ್ ತಡೆಗೋಡೆಗೆ ಅಪ್ಪಳಿಸಿದರು. ದಂಡ ಬಿದ್ದದ್ದು ಹ್ಯಾಮಿಲ್ಟನ್‌ಗೆ, ಅದೂ 10 ಸೆಕೆಂಡ್. ಆ ರೇಸನ್ನು ಗೆದ್ದವರೂ ಅವರೇ. ಸುಮಾರು 18 ಲಕ್ಷ ಡಾಲರ್ ಎಂದು ವರ್ಸ್ಟಾಪೆನ್ ಅವರ ತಂಡವಾದ ರೆಡ್ ಬುಲ್‌ನ ಆಗಿನ ಮುಖ್ಯಸ್ಥ ಹಾರ್ನರ್ ಹೇಳಿದ ನಷ್ಟ ಮಾತ್ರ ಗುದ್ದಿಸಿಕೊಂಡ ತಂಡದ ಪಾಲಿಗೇ ಬಂತು, ಅದೂ ಆ ವರ್ಷವೇ ಜಾರಿಗೆ ಬಂದಿದ್ದ ತಂಡದ ವರ್ಷದ ಖರ್ಚಿನ 14.5 ಕೋಟಿ ಡಾಲರ್ ಮಿತಿಯೊಳಗೆ.

ಹಳೆಯ ಸ್ಟೀರಿಂಗ್:
ಹಾಗಾದರೆ ಮಿತಿಯನ್ನೇ ಆಟಕ್ಕೂ ತರಬಹುದು. ಒಂದು ರೇಸಿನ ರಿಪೇರಿ ಬಿಲ್ಲು ಆ ರೇಸಿನಲ್ಲಿ ಸಿಕ್ಕ ಬಹುಮಾನದ ಅರ್ಧವನ್ನು ಎಂದೂ ಮೀರಬಾರದು. ಹೊಸಬನು ಎಷ್ಟೇ ಗುದ್ದಿದರೂ ರೇಸ್ ಮುಗಿಸಿದರೆ ಏನಾದರೂ ಉಳಿಸಿಕೊಳ್ಳುತ್ತಾನೆ. ಈ ಷರತ್ತಿನ ಮೇಲೆ ನಾನು ನನ್ನ ವಿರೋಧವನ್ನು ಬಿಡುತ್ತೇನೆ.

ಮೂರನೇ ಗೇರ್:
ಒಪ್ಪಿಗೆ, ಒಂದನ್ನು ಸೇರಿಸಿಕೊಳ್ಳಿ: ರಿಪೇರಿ ಕಡ್ಡಾಯವಾಗಬಾರದು. ಬಂಪರ್ ನೆಗ್ಗಿದ್ದರೂ ಹಾಗೆಯೇ ಓಡಿಸಿ ಟೈರಿಗೆ ಹಣ ಉಳಿಸುವ ಆಯ್ಕೆ ನನ್ನ ಕೈಯಲ್ಲಿರಲಿ.