ಕೆಂಪು ಸಮುದ್ರದಲ್ಲಿ ತುಂಡಾದ ಕೇಬಲ್: ನೆಟ್‌ವರ್ಕ್ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ತುಮಕೂರಿನ ಸದಸ್ಯರು: 2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದ ದಡದ ಸೌದಿ ನಗರ ಜೆಡ್ಡಾ ಬಳಿ ಎಸ್‌ಎಂಡಬ್ಲ್ಯು-4 ಮತ್ತು ಐಎಂಇಡಬ್ಲ್ಯುಇ ಎಂಬ ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳಿಗೆ ಹಾನಿಯಾಯಿತೆಂದು ಓದಿದೆ. ಸರ್, ರಿಪೇರಿಗೆ ಎಷ್ಟು ದಿನ ಬೇಕಾಗುತ್ತದೆ?

ಎಂಜಿನಿಯರ್: ವಾರಗಳೇ ಹಿಡಿಯುತ್ತವೆ. ಹಡಗು ಬರಬೇಕು, ಆ ದೇಶದ ಅನುಮತಿ ಸಿಗಬೇಕು, ಆಮೇಲೆ ಕೊಕ್ಕೆ ಇಳಿಸಿ ಎರಡೂ ತುದಿಗಳನ್ನು ಮೇಲೆತ್ತಿ, ನಡುವೆ ಹೊಸ ಕೇಬಲ್ ಬೆಸೆಯಬೇಕು.

ಹುಬ್ಬಳ್ಳಿಯ ಸದಸ್ಯರು: ನಾನು ಬಳಸುವ ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದೆ. ಪಿಂಗ್ (ಅಲ್ಲಿಗೆ ಹೋಗಿ ಉತ್ತರ ಮರಳಲು ಹಿಡಿಯುವ ಸಮಯ) 140 ಮಿಲಿಸೆಕೆಂಡಿನಿಂದ 245ಕ್ಕೆ ಏರಿದೆ. ಆದರೆ ದತ್ತಾಂಶ ಯಾವ ಊರುಗಳ ಮೂಲಕ ಹೋಗುತ್ತದೆಂದು ತೋರಿಸುವ ಟ್ರೇಸ್‌ರೂಟ್‌ನಲ್ಲಿ ಎಂದಿನಂತೆ ಮುಂಬಯಿ, ಫ್ರಾನ್ಸಿನ ಮಾರ್ಸೆ ಎಂದೇ ಕಾಣುತ್ತಿದೆ.

ಎಂಜಿನಿಯರ್: ಇದು ನೋಡಬೇಕಾದ ಪ್ರಕರಣ. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಉತ್ತರ ಯಾವ ದಾರಿಯಲ್ಲಿ ಮರಳಬೇಕೆಂಬುದನ್ನು ಆ ಕಡೆಯ ನೆಟ್‌ವರ್ಕ್ ತೀರ್ಮಾನಿಸುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, ಮರಳುವಾಗ ಮಾತ್ರ 105 ಮಿಲಿಸೆಕೆಂಡು ಹೆಚ್ಚಾಗಿದ್ದರೆ ಸುಮಾರು 21,000 ಕಿ.ಮೀ. ಸುತ್ತು ಬಿದ್ದಿದೆ ಎಂದರ್ಥ. ಅಟ್ಲಾಂಟಿಕ್ ದಾಟಿ, ಅಮೆರಿಕ ಹಾದು, ಪೆಸಿಫಿಕ್ ದಾಟಿ, ಸಿಂಗಪುರದಿಂದ ಚೆನ್ನೈಗೆ ಬರುವ ದಾರಿಗೆ ಈ ಲೆಕ್ಕ ಸರಿಹೊಂದುತ್ತದೆ. ಬೆಳಗಿನ ಐದಕ್ಕೂ ರಾತ್ರಿ ಒಂಬತ್ತಕ್ಕೂ 245 ಕದಲದಿದ್ದರೆ ಸುತ್ತುದಾರಿ, ಏರಿಳಿದರೆ ದಟ್ಟಣೆ. ಸರ್ವರಿನಿಂದ ನಿಮ್ಮ ಕಡೆಗೆ ಟ್ರೇಸ್ ತೆಗೆದು ಇಲ್ಲಿ ಹಾಕಿ.

ಶಿವಮೊಗ್ಗದ ಸದಸ್ಯರು: ಡಿಎನ್ಎಸ್ 8.8.8.8 ಎಂದು ಬದಲಿಸಿ, ಇದರೊಂದಿಗಿರುವ ಬೂಸ್ಟರ್ ಆ್ಯಪ್ ಹಾಕಿಕೊಂಡರೆ ಕೇಬಲ್ ಸಮಸ್ಯೆ ತಟ್ಟುವುದಿಲ್ಲವಂತೆ. ಫಾರ್ವರ್ಡ್ ಬಂದಿದೆ.

ಎಂಜಿನಿಯರ್: ಡಿಎನ್ಎಸ್ ಹೆಸರಿಗೆ ವಿಳಾಸ ಹುಡುಕಿಕೊಡುತ್ತದೆ, ಅಷ್ಟೇ, ದತ್ತಾಂಶದ ದಾರಿಯನ್ನು ಅದು ಬದಲಿಸುವುದಿಲ್ಲ. ಆ ಆ್ಯಪನ್ನು ಯಾರೂ ಹಾಕಿಕೊಳ್ಳಬೇಡಿ. ನಿಮ್ಮ ಎಸ್ಎಂಎಸ್ ಓದಲು ಅನುಮತಿ ಕೇಳುವ ಆ್ಯಪ್‌ಗೂ ಕೆಂಪು ಸಮುದ್ರಕ್ಕೂ ಏನು ಸಂಬಂಧವೆಂದು ಕಳುಹಿಸುವ ಮೊದಲು ಯೋಚಿಸಬಹುದಿತ್ತು.

ದುಬೈಯ ಸದಸ್ಯರು: ಕುಂದಾಪುರದ ಅಮ್ಮನೊಂದಿಗೆ ಮಾತಾಡುವಾಗ ಚಿತ್ರ ನಿಂತುಬಿಡುತ್ತದೆ, ಧ್ವನಿ ಮಾತ್ರ ಬರುತ್ತದೆ. ಇದೂ ಅದರಿಂದಲೇ?

ಮಂಗಳೂರಿನ ಸದಸ್ಯರು: ಕೇಬಲ್ ತುಂಡಾಗಿದ್ದು ವಿಧ್ವಂಸಕ ಕೃತ್ಯವೇ, ಅನುಮಾನ ಬೇಡ.

ಕಾರವಾರದ ಸದಸ್ಯರು: ಪುರಾವೆ? 2024ರ ಫೆಬ್ರುವರಿಯಲ್ಲಿ ಅಲ್ಲಿ ಕೇಬಲ್‌ಗಳು ತುಂಡಾದಾಗಲೂ ಕ್ಷಿಪಣಿ ದಾಳಿಗೊಳಗಾಗಿ ತೇಲುತ್ತಿದ್ದ ರುಬಿಮಾರ್ ಹಡಗಿನ ಲಂಗರಿನ ಮೇಲೆಯೇ ಶಂಕೆ ಬಿದ್ದಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಆಗುವ 150–200 ಕೇಬಲ್ ದೋಷಗಳಲ್ಲಿ ಹೆಚ್ಚಿನವು ಲಂಗರು, ಮೀನುಗಾರಿಕೆಗಳಿಂದಲೇ.

ಮಂಗಳೂರಿನ ಸದಸ್ಯರು: ಆ ಹಡಗಿಗೆ ಕ್ಷಿಪಣಿ ಹೊಡೆದವರು ಯಾರು ಸ್ವಾಮಿ? ಅದನ್ನು ಬಿಟ್ಟು ಲಂಗರನ್ನು ದೂರುತ್ತೀರಲ್ಲ.

ಕಾರವಾರದ ಸದಸ್ಯರು: ಹಡಗಿಗೆ ಗುರಿಯಿಡುವುದು ಬೇರೆ, ಕೇಬಲ್‌ಗೆ ಗುರಿಯಿಡುವುದು ಬೇರೆ. ಇಷ್ಟು ತಿಳಿಯದವರೊಂದಿಗೆ ವಾದಿಸಿ ಫಲವಿಲ್ಲ.

ಎಂಜಿನಿಯರ್: ಇಬ್ಬರೂ ಬೇರೆಡೆ ಜಗಳವಾಡಿಕೊಳ್ಳಿ.

ಹಾಸನದ ಸದಸ್ಯರು: ಸರ್, ಯಾವಾಗ ಸರಿಹೋಗುತ್ತದೆ?

ಎಂಜಿನಿಯರ್: ಮೇಲೆ ಓದಿ.

ಹುಬ್ಬಳ್ಳಿಯ ಸದಸ್ಯರು: ಟ್ರೇಸ್ ತೆಗೆದೆ: ನ್ಯೂಯಾರ್ಕ್, ಲಾಸ್ ಏಂಜಲೀಸ್, ಸಿಂಗಪುರ, ಚೆನ್ನೈ. ಹೊತ್ತು ಯಾವುದಾದರೂ 245 ಬದಲಾಗುತ್ತಿಲ್ಲ.

ಎಂಜಿನಿಯರ್: ಹಾಗಿದ್ದರೆ ಸುತ್ತುದಾರಿಯೇ. ಎರಡೂ ಟ್ರೇಸ್‌ಗಳನ್ನು ಸರ್ವರ್ ಕಂಪನಿಗೆ ಕಳುಹಿಸಿ, ಭಾರತಕ್ಕೆ ಬೇರೆ ಟ್ರಾನ್ಸಿಟ್ (ದತ್ತಾಂಶ ಸಾಗಿಸುವ ದೊಡ್ಡ ನೆಟ್‌ವರ್ಕ್) ಮೂಲಕ ಕಳುಹಿಸಲಾದೀತೇ ಎಂದು ಕೇಳಿ. ಹುಬ್ಬಳ್ಳಿಯ ಬ್ರಾಡ್‌ಬ್ಯಾಂಡ್‌ನವರಿಗೆ ಮೊದಲು ದೂರು ಕೊಡಬೇಡಿ. ಮರಳುವ ದಾರಿ ಅವರೊಬ್ಬರ ಕೈಯಲ್ಲಿಲ್ಲ.